ಎರಡು ತಲೆಯ ಹಕ್ಕಿಯೂ ದಿಲ್ಲಿಯ ಬಾವುಟಗಳೂ

ದಿಲ್ಲಿಯಲ್ಲಿ ಎಂದೂ ಬೀಸದ ಬಾವುಟವೊಂದಿದೆ. ಬಟ್ಟೆಯದಲ್ಲ, ಕಬ್ಬಿಣದ್ದು. ತೂಕ 6 ಟನ್ನಿಗೆ ಕಡಿಮೆಯಿಲ್ಲ, ಎತ್ತರ 7 ಮೀಟರಿಗೆ ಚೂರು ಮಿಕ್ಕಿ. ಕುತುಬ್ ಮಿನಾರಿನ ಅಂಗಳಕ್ಕೆ ಬಂದವರೆಲ್ಲ ಈ ಕಂಬದ ಸುತ್ತಲಿನ ಬೇಲಿಗೆ ಒರಗಿ, ಇಷ್ಟು ಶತಮಾನ ಕಳೆದರೂ ತುಕ್ಕು ಹಿಡಿದಿಲ್ಲವಲ್ಲ ಎಂದು ಬೆರಗಾಗಿ ಹೋಗುತ್ತಾರೆ. ಬೆರಗು ನ್ಯಾಯವಾದದ್ದೇ. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು, ಅದು ಮೈಮೇಲೊಂದು ತೆಳುಪೊರೆ ಕಟ್ಟಿಕೊಂಡು ಕಂಬವನ್ನು ಕಾದಿದೆ ಎಂದು ಲೋಹ ಬಲ್ಲವರು ವಿವರಿಸಿದ್ದೂ ಆಗಿದೆ. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಅದರ ಮೈಮೇಲಿನ ಆರು ಸಾಲಿನ ಶಾಸನ. ಅದು ತನ್ನನ್ನು ಕಂಬವೆಂದು ಹೇಳಿಕೊಳ್ಳುವುದಿಲ್ಲ. ಚಂದ್ರನೆಂಬ ರಾಜ ವಿಷ್ಣುಪದವೆಂಬ ಬೆಟ್ಟದಲ್ಲಿ ನಿಲ್ಲಿಸಿದ ವಿಷ್ಣುವಿನ ಧ್ವಜ ಎಂದು ಹೇಳಿಕೊಳ್ಳುತ್ತದೆ. ಆ ಚಂದ್ರ ಗುಪ್ತ ವಂಶದ ಎರಡನೆಯ ಚಂದ್ರಗುಪ್ತನೆಂಬುದು ಬಹುಪಾಲು ವಿದ್ವಾಂಸರ ಮತ. ತುದಿಯಲ್ಲಿ ಚೌಕನೆಯ ಪೀಠ, ಪೀಠದ ನಡುವೆ ಒಂದು ಗುಳಿ. ಅಲ್ಲಿ ಯಾವುದೋ ಆಕೃತಿ ಕೂತಿತ್ತು. ಗುಪ್ತರ ನಾಣ್ಯಗಳಲ್ಲಿ ರಾಜನ ಪಕ್ಕದಲ್ಲೇ ಗರುಡನನ್ನು ಹೊತ್ತ ಕೋಲು ನಿಂತಿರುವುದನ್ನು ನೋಡಿದರೆ, ಇಲ್ಲಿಯೂ ಗರುಡನೇ ಇದ್ದಿರಬೇಕು ಅನ್ನಿಸುತ್ತದೆ. ಹಕ್ಕಿ ಹಾರಿಹೋಗಿ ಅದು ಕೂರುತ್ತಿದ್ದ ಗಳು ಉಳಿದುಕೊಂಡಿದೆ.

ಲಾಂಛನಗಳ ಮಾತೆಲ್ಲ ಹೀಗೇ. ಎಲ್ಲ ಕಡೆಯೂ ಗಳು ಉಳಿದಿದೆ, ಹಕ್ಕಿ ಇಲ್ಲ. ಇಲ್ಲವೇ ಹಕ್ಕಿಯ ಹೆಸರು ಉಳಿದಿದೆ, ಬಟ್ಟೆ ಮಣ್ಣಾಗಿದೆ.

ದಿಲ್ಲಿಯಿಂದ ಉತ್ತರಕ್ಕೆ ಹೆದ್ದಾರಿ ಹಿಡಿದರೆ ಮೂರು ಗಂಟೆಯಲ್ಲಿ ಕುರುಕ್ಷೇತ್ರ. ನಮ್ಮಲ್ಲಿ ಹೆಚ್ಚಿನವರಿಗೆ ಲಾಂಛನದ ಮೊದಲ ಪಾಠ ಆಗಿದ್ದು ಅಲ್ಲೇ, ಭಾರತದ ಕಥೆ ಕೇಳುವ ವಯಸ್ಸಿನಲ್ಲಿ. ಭೀಷ್ಮನ ರಥದ ಮೇಲೆ ತಾಳೆಮರ, ದ್ರೋಣನದರ ಮೇಲೆ ಕಮಂಡಲವಿಟ್ಟ ಹೊನ್ನಿನ ವೇದಿ, ಕರ್ಣನಿಗೆ ಆನೆ ಕಟ್ಟುವ ಹಗ್ಗ, ಅರ್ಜುನನಿಗೆ ಸಾಕ್ಷಾತ್ ಹನುಮಂತ. ಹದಿನೆಂಟು ಅಕ್ಷೋಹಿಣಿ ಎಬ್ಬಿಸಿದ ಧೂಳಿನಲ್ಲಿ ಯಾರೆಲ್ಲಿದ್ದಾರೆಂದು ತಿಳಿಯಬೇಕಲ್ಲ, ಅದಕ್ಕೆ ಧ್ವಜ ಎಂದು ದೊಡ್ಡವರು ಹೇಳುತ್ತಿದ್ದರು. ಯೂರೋಪಿನ ಪಂಡಿತರೂ ತಮ್ಮ ನಾಡಿನ ಗುರಾಣಿ ಚಿತ್ರಗಳಿಗೆ ಇದೇ ಕಾರಣ ಕೊಡುತ್ತಿದ್ದರು. ಹನ್ನೆರಡನೆಯ ಶತಮಾನದ ಹೊತ್ತಿಗೆ ಶಿರಸ್ತ್ರಾಣ ಮುಖ ಮುಚ್ಚತೊಡಗಿತು, ಗುರುತಿಗೆ ಗುರಾಣಿಯ ಮೇಲೆ ಸಿಂಹ ಬರೆದುಕೊಂಡರು ಎಂದು. ಆನ್‌ಜೂ ಪ್ರಾಂತದ ಜೆಫ್ರಿಗೆ 1127ರಲ್ಲಿ ಹೊನ್ನಿನ ಸಿಂಹಗಳಿದ್ದ ನೀಲಿ ಗುರಾಣಿ ಸಿಕ್ಕಿತೆಂಬುದು ಅವರ ಕಥೆಯ ಮೊದಲ ಪುಟ. ವಿವರಣೆ ಸರಿಯಿದ್ದೀತು. ಆದರೆ ಗುರುತು ಹಿಡಿಯುವುದಷ್ಟೇ ಉದ್ದೇಶವಾಗಿದ್ದರೆ ಕೆಂಪು ಬಟ್ಟೆ, ಹಳದಿ ಬಟ್ಟೆ ಸಾಕಿತ್ತು. ಸಾಯಲು ಹೊರಟವನು ತಲೆಯ ಮೇಲೊಂದು ಕೋತಿಯನ್ನೋ ಮರವನ್ನೋ ಕೂರಿಸಿಕೊಂಡು ಹೋಗಬೇಕೆಂದು ಯಾಕೆ ಅಂದುಕೊಂಡ? ಇದಕ್ಕೆ ಧೂಳಿನ ಉತ್ತರ ಸಾಲದು.

ಜೆಫ್ರಿಯ ಕಾಲಕ್ಕೆ ಕನ್ನಡ ನಾಡಿನ ಶಾಸನ ಬರೆಯುವವರು ಈ ವಿದ್ಯೆಯಲ್ಲಿ ಎಷ್ಟು ಪಳಗಿದ್ದರೆಂದು ನೆನೆದರೆ ನಗು ಬರುತ್ತದೆ, ಹೆಮ್ಮೆಯ ನಗು. ಒಬ್ಬ ಮಹಾಮಂಡಲೇಶ್ವರನನ್ನು ಹೆಸರಿಸುವ ಮೊದಲು ಅವನು ಯಾವ ಪುರವರದ ಅಧೀಶ್ವರ, ಅವನ ಮುಂದೆ ಮೊಳಗುವ ವಾದ್ಯ ಯಾವುದು, ಧ್ವಜದಲ್ಲಿ ಏನಿದೆ, ಲಾಂಛನ ಯಾವುದು ಎಂದು ಒಂದೊಂದನ್ನೂ ಬಿಡದೆ ಕಡೆಯುತ್ತಾರೆ. ಧ್ವಜ ಬೇರೆ, ಲಾಂಛನ ಬೇರೆ. ಹಾನಗಲ್ಲಿನ ಕದಂಬರಿಗೆ ಧ್ವಜದಲ್ಲಿ ವಾನರ, ಲಾಂಛನ ಸಿಂಹ, ಮೊಳಗುವುದು ಪೆರ್ಮಟ್ಟಿ. ಗಂಗರಿಗೆ ನವಿಲುಗರಿಯ ಧ್ವಜ, ಮದ್ದಾನೆಯ ಲಾಂಛನ. ಸವದತ್ತಿಯ ರಟ್ಟರಿಗೆ ಹೊನ್ನಿನ ಗರುಡಧ್ವಜ, ಲಾಂಛನ ಆನೆ. ಕಳಚುರಿಗಳಿಗೆ ಹೊನ್ನಿನ ವೃಷಭಧ್ವಜ, ಡಮರುಗದ ಸದ್ದು. ಇದನ್ನು ಓದುವಾಗ ಯಾವುದೋ ಪಟ್ಟಣದ ಹೆಬ್ಬಾಗಿಲಲ್ಲಿ ನಿಂತು ಮೆರವಣಿಗೆ ಬರುವುದನ್ನು ಕಾಯುತ್ತಿದ್ದೇವೆ ಅನ್ನಿಸುತ್ತದೆ: ಮೊದಲು ಸದ್ದು ಕಿವಿಗೆ ಬೀಳುತ್ತದೆ, ಆಮೇಲೆ ಕೋತಿ ಕಾಣುತ್ತದೆ, ಕೊನೆಗೆ ಮನುಷ್ಯ. ಕದಂಬರ ವಾನರ ಯಾವ ಬಣ್ಣದವನಿದ್ದ, ನಿಂತಿದ್ದನೋ ಕೂತಿದ್ದನೋ, ರೇಷ್ಮೆಯ ಮೇಲೋ ನೂಲಿನ ಮೇಲೋ? ಕಲ್ಲು ಅದನ್ನೆಲ್ಲ ಹೇಳುವುದಿಲ್ಲ. ಬಟ್ಟೆಯನ್ನು ಕಲ್ಲಿನಲ್ಲಿ ಹೆಸರಿಸಿ ಇಟ್ಟವರು ಚಿತ್ರವನ್ನು ನಮ್ಮ ಕಣ್ಣಿಗೇ ಬಿಟ್ಟಿದ್ದಾರೆ.

ಒಂದು ಧ್ವಜದ ಸಂಗತಿ ಮಾತ್ರ ಉತ್ತರದ ಬಿಸಿಲಿನಲ್ಲಿ ನಿಂತವನಿಗೆ ವಿಶೇಷವಾಗಿ ನಾಟುತ್ತದೆ. ಬಾದಾಮಿಯ ವಿನಯಾದಿತ್ಯ 681ರಿಂದ 696ರವರೆಗೆ ಆಳಿದವನು. ಸಕಲ ಉತ್ತರಾಪಥದ ನಾಥನನ್ನು ಸೋಲಿಸಿ, ಮಗ ವಿಜಯಾದಿತ್ಯನ ಕೈಯಿಂದ ಸಾಮ್ರಾಜ್ಯದ ಚಿಹ್ನೆಗಳನ್ನೆಲ್ಲ ತರಿಸಿಕೊಂಡನೆಂದು ಚಾಲುಕ್ಯರ ತಾಮ್ರಪಟಗಳು ಹೇಳುತ್ತವೆ. ಸೋತವನ ಹೆಸರನ್ನು ಅವು ಬರೆದಿಲ್ಲ. ಚಾಲುಕ್ಯರ ಮಟ್ಟಿಗೆ ಅವನ ಬಾವುಟದ ಹೆಸರು ಸಾಕು, ಅವನದು ಬೇಕಿಲ್ಲ. ತಂದದ್ದರಲ್ಲಿ ಢಕ್ಕೆಯಿದೆ, ಮಾಣಿಕ್ಯಗಳಿವೆ, ಆನೆಗಳಿವೆ, ಪಾಳಿಧ್ವಜವಿದೆ. ಅವುಗಳೊಂದಿಗೆ, ಅಷ್ಟೇ ಸಲೀಸಾಗಿ, ಗಂಗೆ ಮತ್ತು ಯಮುನೆ. ನದಿಗಳನ್ನೇ ಚಿಹ್ನೆಯಾಗಿ ಕಿತ್ತುಕೊಂಡು ಮಲಪ್ರಭೆಯ ದಂಡೆಗೆ ಹೊತ್ತೊಯ್ದರು. ಅದೇ ಯಮುನೆಯನ್ನು ಇಂದು ಕಾಳಿಂದಿ ಕುಂಜದ ಸೇತುವೆಯ ಮೇಲಿಂದ ನೋಡಿದರೆ ಬಿಳಿ ನೊರೆಯ ಗುಡ್ಡೆಗಳು ತೇಲುತ್ತಿರುತ್ತವೆ. ಏಳನೆಯ ಶತಮಾನದ ಕನ್ನಡಿಗ ದೊರೆ ಈ ನದಿಯ ಬಿಂಬಕ್ಕಾಗಿ ದಂಡು ಕಟ್ಟಿಕೊಂಡು ಬಂದಿದ್ದನೆಂದು ಅಲ್ಲಿ ನಿಂತವರಿಗೆ ಹೇಳಿದರೆ ಯಾರೂ ನಂಬಲಿಕ್ಕಿಲ್ಲ.

ಪಾಳಿಧ್ವಜವೆಂದರೆ ಯಾವ ಬಗೆಯದು? ಇದಕ್ಕೆ ಉತ್ತರ ಯುದ್ಧದ ದಾಖಲೆಯಲ್ಲಿ ಸಿಗುವುದಿಲ್ಲ, ಒಬ್ಬ ಸನ್ಯಾಸಿಯ ಕಾವ್ಯದಲ್ಲಿ ಸಿಗುತ್ತದೆ. ಅಮೋಘವರ್ಷ ನೃಪತುಂಗನಿಗೆ ಗುರುವೆನಿಸಿದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಜಿನನ ಉಪದೇಶಸಭೆಯಾದ ಸಮವಸರಣವನ್ನು ಬಣ್ಣಿಸುತ್ತ ಅಲ್ಲಿನ ಧ್ವಜಪಂಕ್ತಿಗಳನ್ನು, ಅಂದರೆ ಪಾಳಿಧ್ವಜಗಳನ್ನು, ಎಣಿಸುತ್ತಾರೆ. ಹೂಮಾಲೆ, ವಸ್ತ್ರ, ನವಿಲು, ಕಮಲ, ಹಂಸ, ಗರುಡ, ಸಿಂಹ, ಎತ್ತು, ಆನೆ, ಚಕ್ರ, ಹೀಗೆ ಹತ್ತು ಚಿಹ್ನೆ. ಒಂದೊಂದು ಚಿಹ್ನೆಯವು ದಿಕ್ಕಿಗೆ 108. ನಾಲ್ಕು ದಿಕ್ಕಿಗೆ ಒಟ್ಟು 4,320. ಹೊರಗೆ ಯಾರ ಸಿಂಹ ದೊಡ್ಡದು, ಯಾರ ಗರುಡ ದೊಡ್ಡದು ಎಂದು ಕಾದಾಟ. ಒಳಗೆ, ಆಚಾರ್ಯರ ಕಲ್ಪನೆಯಲ್ಲಿ, ಸಿಂಹವೂ ಆನೆಯೂ ಒಂದೇ ಗಾಳಿಗೆ ಬೀಸುತ್ತಿವೆ, ಯಾವ ಮನೆತನದ ಹೆಸರೂ ಅವಕ್ಕಿಲ್ಲ. ಅರಮನೆಯ ಚಾಳಿಯನ್ನು ಅಷ್ಟು ಹತ್ತಿರದಿಂದ ಬಲ್ಲವರು ಹಾಗೆ ಲೆಕ್ಕ ಹಾಕುತ್ತ ಕೂತದ್ದರಲ್ಲಿ ಒಂದು ತುಂಟತನವೂ ಇದ್ದಿರಬಹುದು. ಯಾಕೆಂದರೆ ನೃಪತುಂಗನ ತಂದೆ ಮುಮ್ಮಡಿ ಗೋವಿಂದ ಬೇರೆಯೇ ಲೆಕ್ಕ ಇಟ್ಟಿದ್ದವನು. ಅವನ 805ರ ನೇಸರಿ ತಾಮ್ರಪಟದಲ್ಲಿ ಪಾಂಡ್ಯನಿಂದ ಮೀನು, ಪಲ್ಲವನಿಂದ ಎತ್ತು, ಚೋಳನಿಂದ ಹುಲಿ, ಗಂಗನಿಂದ ಆನೆ, ಕೇರಳನಿಂದ ಬಿಲ್ಲು, ಚಾಲುಕ್ಯನಿಂದ ವರಾಹ ಕಸಿದದ್ದರ ಪಟ್ಟಿಯಿದೆ. ಊರುಗಳ ಹೆಸರಲ್ಲ, ಚಿತ್ರಗಳ ಹೆಸರು. ಹೊಯ್ಸಳರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸಳ ಹುಲಿಯನ್ನು ಇರಿಯುವ ಅವರ ಲಾಂಛನ, ತಲಕಾಡಿನಲ್ಲಿ ಸೋತ ಚೋಳರ ಹುಲಿಯನ್ನೇ ಕೊಲ್ಲುತ್ತಿರುವ ಚಿತ್ರವೆಂದು ಕೆಲವರ ಅಭಿಪ್ರಾಯ. ಅದು ನಿಜವಾದರೆ, ಬೇರೆಯವರ ಬಾವುಟದ ಕೊಲೆಯನ್ನೇ ತಮ್ಮ ಬಾವುಟ ಮಾಡಿಕೊಂಡವರು ಅವರು.

ಆ ಹೊಯ್ಸಳರ ಕುಡಿಯೊಂದು ದಿಲ್ಲಿಯಲ್ಲಿ ಇದ್ದು ಹೋದದ್ದುಂಟು. 1311ರಲ್ಲಿ ಮಲಿಕ್ ಕಾಫೂರ ದ್ವಾರಸಮುದ್ರಕ್ಕೆ ಬಂದ, ಮುಮ್ಮಡಿ ಬಲ್ಲಾಳ ಆನೆ ಕೊಟ್ಟು ಒಪ್ಪಂದಕ್ಕೆ ಬಂದ, ಅವನ ಮಗ ವಿರೂಪಾಕ್ಷ ದಿಲ್ಲಿಗೆ ಹೋಗಿ 1313ರಲ್ಲಿ ಮರಳಿದ. ಅದೇ 1311ರಲ್ಲಿ ಕುತುಬ್ ಆವರಣಕ್ಕೆ ಅಲಾಉದ್ದೀನನ ಹೊಸ ಹೆಬ್ಬಾಗಿಲು ಎದ್ದಿತು, ಅಲಾಯಿ ದರ್ವಾಜ. ಕೆಂಪುಕಲ್ಲಿಗೆ ಬಿಳಿ ಅಮೃತಶಿಲೆ ಕೂರಿಸಿ ಕೆತ್ತಿದ ಆ ಬಾಗಿಲಲ್ಲಿ ಒಂದು ಹುಲಿಯಿಲ್ಲ, ಒಂದು ಹಕ್ಕಿಯಿಲ್ಲ, ಬರಿಯ ಅಕ್ಷರ ಮತ್ತು ಬಳ್ಳಿ. ಹಳೇಬೀಡಿನ ಗೋಡೆಗಳಲ್ಲಿ ಆನೆ ಸಾಲು, ಸಿಂಹ ಸಾಲು, ಮಕರ ಸಾಲು ನೋಡಿ ಬೆಳೆದ ಹುಡುಗನಿಗೆ ಪ್ರಾಣಿಯೇ ಇಲ್ಲದ ಆ ವೈಭವ ಹೇಗೆ ಕಂಡಿತೋ. ಕಂಡಿದ್ದರೆ.

ಈಗ ಐದೂವರೆ ಶತಮಾನ ದಾಟಿ ಊರಿನ ಉತ್ತರ ಅಂಚಿಗೆ ಹೋಗಬೇಕು, ಬುರಾಡಿಯ ಕಡೆಯ ಕಾರೊನೇಷನ್ ಪಾರ್ಕಿಗೆ. ಇಲ್ಲಿ 1877ರ ಜನವರಿ 1ರಂದು ವಿಕ್ಟೋರಿಯಾ ರಾಣಿಯನ್ನು ಹಿಂದೂಸ್ಥಾನದ ಚಕ್ರವರ್ತಿನಿ ಎಂದು ಸಾರಿದರು. ಅದಕ್ಕೂ ಮೊದಲಿನ ವಾರದಲ್ಲಿ ವೈಸರಾಯ್ ಲಿಟ್ಟನ್ ತನ್ನ ಡೇರೆಗೆ ದೇಶದ ರಾಜರನ್ನು ಒಬ್ಬೊಬ್ಬರನ್ನಾಗಿ ಕರೆಸಿ ಒಂದೊಂದು ಬಾವುಟ ಕೊಟ್ಟ. 5 ಅಡಿಗೆ 5 ಅಡಿಯ ರೇಷ್ಮೆ, ಅದರ ಮೇಲೆ ಕಸೂತಿಯಲ್ಲಿ ಆ ಮನೆತನದ ವಂಶಲಾಂಛನ, ಯೂರೋಪಿನ ಮಧ್ಯಯುಗದ ಶೈಲಿಯ ಗುರಾಣಿಯೊಳಗೆ. ಲಾಂಛನಗಳನ್ನು ರಚಿಸಿದವನು ಬಂಗಾಳದ ಸಿವಿಲ್ ಸರ್ವಿಸಿನ ಅಧಿಕಾರಿ ರಾಬರ್ಟ್ ಟೇಲರ್. ರಜಪೂತರಿಗೆ ಬಹುಪಾಲು ಸೂರ್ಯ, ಪಂಜಾಬಿನ ಸಿಖ್ ದೊರೆಗಳಿಗೆ ವರಾಹ, ಕೆಲವರಿಗೆ ಅವರು ಪೂಜಿಸುವ ಮರ. ಕಾಶ್ಮೀರದ ಸರದಿ ಬರುವಷ್ಟರಲ್ಲಿ ಕಲ್ಪನೆ ಸೋತಿರಬೇಕು: ಬೆಟ್ಟಸಾಲಿಗೆಂದು ಮೂರು ಅಂಕುಡೊಂಕು ಗೆರೆ, ಕಣಿವೆಯ ಚೆಲುವಿಗೆಂದು ಮೂರು ಗುಲಾಬಿ. ನಮ್ಮ ಕಡೆಯ ಉದ್ದನೆಯ, ತೆಳ್ಳನೆಯ ಪತಾಕೆಗಳು ಇಂಥ ಲಾಂಛನಕ್ಕೆ ಒದಗುವುದಿಲ್ಲವೆಂದು ಚೌಕನೆಯ ರೋಮನ್ ಮಾದರಿ ಆರಿಸಿದರು. ಬಾವುಟ ಬಿಚ್ಚಿದಾಗಲೆಲ್ಲ ಇಂಗ್ಲೆಂಡಿನ ಸಿಂಹಾಸನಕ್ಕೂ ನಿಮ್ಮ ನಿಷ್ಠಾವಂತ ಮನೆತನಕ್ಕೂ ಇರುವ ನಂಟು ನೆನಪಾಗಲಿ ಎಂಬ ಧಾಟಿಯಲ್ಲಿ ಲಿಟ್ಟನ್ ಮಾತಾಡುತ್ತಿದ್ದ.

ಆ ಬಾವುಟ ಬಿಚ್ಚುವುದಿರಲಿ, ಎತ್ತುವುದೇ ಕಷ್ಟವಾಗಿತ್ತು. ಹಿತ್ತಾಳೆಯ ಕೋಲು, ದಪ್ಪ ಕಸೂತಿ ಸೇರಿ ಒಂದನ್ನು ಹಿಡಿಯಲು ಇಬ್ಬರು ಗಟ್ಟಿಮುಟ್ಟು ಸ್ಕಾಟಿಷ್ ಸೈನಿಕರು ಬೇಕಾಯಿತು, ಮುಂದಿನ ಮೆರವಣಿಗೆಗಳಲ್ಲಿ ರಾಜರು ಇವನ್ನು ಆನೆಯ ಮೇಲೆ ಹೇರಬೇಕಾದೀತು ಎಂದು ಲಿಟ್ಟನ್ನೇ ರಾಣಿಗೆ ಬರೆದ. ಚಿತ್ರ ಬರೆಯಲು ಬಂದಿದ್ದ ವ್ಯಾಲ್ ಪ್ರಿನ್ಸೆಪ್ ಅಲ್ಲಿನ ಅಲಂಕಾರದ ಅಬ್ಬರ ಕಂಡು ಕಂಗಾಲಾಗಿ ತನ್ನ ದಿನಚರಿಯಲ್ಲಿ ಬೈದುಕೊಂಡ. ಅವನಿಗೆ ಚಿತ್ರದ ಚಿಂತೆ. ನನಗೆ ಆ ಸಭೆಯಲ್ಲಿ ಕೂತಿದ್ದ ಹುಡುಗರ ಚಿಂತೆ. ಹೈದರಾಬಾದಿನ ನಿಜಾಮನಿಗೆ 10 ವರ್ಷ, ಬರೋಡದ ಗಾಯಕವಾಡನಿಗೆ 13, ಮೈಸೂರಿನ ಚಾಮರಾಜೇಂದ್ರ ಒಡೆಯರಿಗೂ 13. ಮೈಸೂರು 1831ರಿಂದಲೇ ಕಮಿಷನರ ಕೈಯಲ್ಲಿತ್ತು, ರಾಜ್ಯ ಅರಸರಿಗೆ ಮರಳಿದ್ದು 1881ರಲ್ಲಿ. ಅಂದರೆ ಹುಡುಗನಿಗೆ ಆಳಲು ರಾಜ್ಯ ಸಿಗುವ ನಾಲ್ಕು ವರ್ಷ ಮೊದಲೇ ಹಾರಿಸಲು ಬಾವುಟ ಸಿಕ್ಕಿತು. ವಿನಯಾದಿತ್ಯನ ಕಾಲದಲ್ಲಿ ಧ್ವಜ ಉತ್ತರದಿಂದ ದಕ್ಷಿಣಕ್ಕೆ ಗೆದ್ದ ವಸ್ತುವಾಗಿ ಹೋಗಿತ್ತು. ಈ ಸಲ ಹೋದದ್ದು ಕೊಟ್ಟ ವಸ್ತುವಾಗಿ. ಕಸಿದುಕೊಂಡ ಬಾವುಟಕ್ಕೆ ಹಂಗಿಲ್ಲ, ಕೊಟ್ಟ ಬಾವುಟದ ಪ್ರತಿ ಹೊಲಿಗೆಯಲ್ಲೂ ಹಂಗಿದೆ. ಹಿತ್ತಾಳೆ ಕೋಲಿಗಿಂತ ಅದೇ ಹೆಚ್ಚು ಭಾರವಾಗಿತ್ತು ಅಂತ ಕಾಣುತ್ತದೆ.

ಆ ಚಳಿಗಾಲದಲ್ಲಿ ಮೈಸೂರಿನಲ್ಲಿ ಮಳೆಯಿಲ್ಲದೆ ಬೆಳೆ ಒಣಗಿ ಕ್ಷಾಮ ಶುರುವಾಗಿತ್ತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನ 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದಿದ್ದರು. ಬಾವುಟಗಳ ವೈಭವವನ್ನು ಬರೆಯುವವರು ಈ ಎರಡು ಸಂಖ್ಯೆಗಳನ್ನು ಪಕ್ಕದಲ್ಲಿ ಇಟ್ಟುಕೊಂಡೇ ಬರೆಯಬೇಕು. ಬೆರಗು ಒಳ್ಳೆಯದು, ಆದರೆ ಅದು ಕಣ್ಣನ್ನು ಒಂದೇ ಕಡೆ ಕಟ್ಟಿಹಾಕುತ್ತದೆ. ದರ್ಬಾರು ನಡೆಸುವವರು ಅದನ್ನು ಚೆನ್ನಾಗಿ ಬಲ್ಲರು.

ಪಾರ್ಕಿನಲ್ಲಿ ಈಗ ಒಂದು ಶಿಲಾಸ್ತಂಭ, ಇಂಡಿಯಾ ಗೇಟಿನ ಮಂಟಪದಿಂದ 1968ರಲ್ಲಿ ಇಳಿಸಿದ ಐದನೆಯ ಜಾರ್ಜ್ ದೊರೆಯ ಪ್ರತಿಮೆ, ಜೊತೆಗೆ ಇನ್ನಷ್ಟು ಸಾಹೇಬರ ಪ್ರತಿಮೆಗಳು. ಬಾವುಟ ಒಂದೂ ಇಲ್ಲ. ದಿಲ್ಲಿಯಲ್ಲಿ ಆ ಪದ್ಧತಿಯ ಕೊಂಡಿಯೊಂದು ಉಳಿದಿರುವುದು ರಾಷ್ಟ್ರಪತಿ ಭವನದಲ್ಲಿ. ರಾಷ್ಟ್ರಪತಿಗಳ ಅಂಗರಕ್ಷಕ ದಳಕ್ಕೆ 150 ವರ್ಷ ತುಂಬಿದಾಗ, 1923ರಲ್ಲಿ, ವೈಸರಾಯ್ ರೀಡಿಂಗ್ ಬೆಳ್ಳಿಯ ಕಹಳೆಯನ್ನೂ ಅದಕ್ಕೆ ಇಳಿಬಿಡುವ ಕಸೂತಿ ಬಾವುಟವನ್ನೂ ಕೊಟ್ಟ. ಮುಂದಿನ ವೈಸರಾಯ್‌ಗಳೂ ಕೊಟ್ಟರು, ಬಾವುಟದಲ್ಲಿ ಅವರವರ ವಂಶಲಾಂಛನ. 1957ರ ಮೇ 14ರಂದು ಬಾಬು ರಾಜೇಂದ್ರ ಪ್ರಸಾದರು ಆ ರೂಢಿ ಮುಂದುವರಿಸಿದಾಗ ಒಂದು ತೊಡಕು ಬಂದಿರಲೇಬೇಕು: ಬಿಹಾರದ ಜೀರಾದೇಯಿ ಹಳ್ಳಿಯಿಂದ ಬಂದ ವಕೀಲರಿಗೆ ಎಲ್ಲಿಯ ಗುರಾಣಿ, ಎಲ್ಲಿಯ ಸಿಂಹ? ಹೆಸರಿನ ಅಕ್ಷರಗಳನ್ನು ಹೆಣೆದ ಮುದ್ರೆ ಹಾಕಿಸಿದರು. ಅಂದಿನಿಂದ ಪ್ರತಿ ರಾಷ್ಟ್ರಪತಿಗೂ ಅದೇ ಕ್ರಮ. ಗಣರಾಜ್ಯಕ್ಕೆ ಒಪ್ಪುವ ತೀರ್ಮಾನ, ಅದರ ಬಗ್ಗೆ ತಕರಾರಿಲ್ಲ. ಆದರೂ ಅಕ್ಷರವನ್ನು ನೋಡಿದರೆ ಓದುತ್ತೇವೆ, ಪ್ರಾಣಿಯನ್ನು ನೋಡಿದರೆ ನಿಲ್ಲುತ್ತೇವೆ.

ನಿಲ್ಲಿಸುವ ಪ್ರಾಣಿಗಳಲ್ಲಿ ನನ್ನ ಲೆಕ್ಕಕ್ಕೆ ಮೊದಲನೆಯದು ಗಂಡಭೇರುಂಡ. ಟೇಲರ್ ಸಾಹೇಬನ ಹಂಗು ಅದಕ್ಕಿರಲಿಲ್ಲ. ಬಳ್ಳಿಗಾವೆಯಲ್ಲಿ 1047ರಲ್ಲೇ ಚಾವುಂಡರಾಯರಸ ಎತ್ತರದ ಕಂಬ ನಿಲ್ಲಿಸಿ ಅದರ ಮೇಲೆ ಮನುಷ್ಯನ ಮೈ, ಎರಡು ಹಕ್ಕಿತಲೆಯ ಭೇರುಂಡನನ್ನು ಏರಿಸಿದ್ದ. ಅವನ ಬಿರುದೂ ಅದೇ. ಆ ಸೀಮೆಯ ಶಾಸನಗಳಲ್ಲಿ ಭೇರುಂಡಗಳೆ ಎಂಬ ಅಳತೆಗೋಲು ಬರುತ್ತದೆ. ಒಬ್ಬ ಸಾಮಂತನ ಜಂಭದ ಹಕ್ಕಿ ರೈತನ ಗದ್ದೆ ಅಳೆಯುವ ಕೋಲಿಗೂ ಹೆಸರಾಯಿತು. ವಿಜಯನಗರದ ಅಚ್ಯುತರಾಯ ತನ್ನ ಹೊನ್ನಿನ ನಾಣ್ಯದಲ್ಲಿ ಅದರ ಕೊಕ್ಕಿಗೂ ಉಗುರಿಗೂ ಆನೆಗಳನ್ನು ಸಿಕ್ಕಿಸಿದ. ಬೆರಳ ತುದಿಯಷ್ಟು ಜಾಗದಲ್ಲಿ ನಾಲ್ಕು ಆನೆ. ಬೇಲೂರಿನ ಶಿಲ್ಪಿಯಂತೂ ಇಡೀ ಸರಪಣಿಯನ್ನೇ ಕೆತ್ತಿದ್ದಾನೆ: ಹಾವಿನ ಬಾಯಲ್ಲಿ ಬಡಜೀವ, ಹಾವನ್ನು ಹಿಡಿದ ಆನೆ, ಆನೆಯ ಮೇಲೆ ಸಿಂಹ, ಸಿಂಹದ ಮೇಲೆ ಶರಭ, ಶರಭನ ಮೇಲೆ ಗಂಡಭೇರುಂಡ. ಇಷ್ಟಕ್ಕೇ ಬಿಟ್ಟಿದ್ದರೆ ಅದು ಬಲಾಬಲದ ಲೆಕ್ಕವಾಗುತ್ತಿತ್ತು. ಶಿಲ್ಪಿ ಬಿಡಲಿಲ್ಲ. ಪಕ್ಕದಲ್ಲಿ ಒಬ್ಬ ಋಷಿಯನ್ನು ನಿಲ್ಲಿಸಿದ. ಋಷಿಗೆ ಅಲ್ಲಿ ಕೆಲಸವಿಲ್ಲ. ಅವನು ಯಾರನ್ನೂ ನುಂಗುತ್ತಿಲ್ಲ, ಯಾರನ್ನೂ ಬಿಡಿಸುತ್ತಿಲ್ಲ, ಬೆರಗಿನಿಂದ ನೋಡುತ್ತಿದ್ದಾನೆ. ರಾಜರು ಆ ಹಕ್ಕಿಯನ್ನು ಬಾವುಟಕ್ಕೆ ತೆಗೆದುಕೊಂಡರು, ಋಷಿಯನ್ನು ಕಲ್ಲಿನಲ್ಲೇ ಬಿಟ್ಟುಹೋದರು. ಕುರುಕ್ಷೇತ್ರದ ಧೂಳು ಕೊಡದ ಉತ್ತರದ ಅರ್ಧ ಭಾಗ ಆ ಋಷಿಯ ಹತ್ತಿರ ಇರಬಹುದು: ಮನುಷ್ಯ ತನ್ನ ಬಲವನ್ನು ತೋರಿಸಲು ಬಾವುಟ ಎತ್ತುತ್ತಾನೆ ಸರಿ, ಆದರೆ ತಾನು ಕಂಡು ಬೆಚ್ಚಿದ್ದನ್ನೇ, ತನಗಿಂತ ದೊಡ್ಡದೆಂದು ತಿಳಿದದ್ದನ್ನೇ ಅದರ ಮೇಲೆ ಬರೆಯುತ್ತಾನೆ. ಕಾಡಿನಲ್ಲಿ ಎಲ್ಲಿಯೂ ಸಿಗದ ಹಕ್ಕಿ ಕಾಡಿನ ಎಲ್ಲ ಪ್ರಾಣಿಗಳಿಗಿಂತ ಹೆಚ್ಚು ಕಾಲ ಬಾಳಿದ್ದು ಅದಕ್ಕೇ ಏನೋ.

ಎರಡು ತಲೆಯ ಹಕ್ಕಿ ನಮ್ಮೊಬ್ಬರದೇ ಎಂದು ಬೀಗುವ ಹಾಗೂ ಇಲ್ಲ. ತಕ್ಷಶಿಲೆಯ ಸಿರ್ಕಪ್‌ನಲ್ಲಿ ಸುಮಾರು ಎರಡು ಸಾವಿರ ವರ್ಷದ ಹಿಂದಿನ ಸ್ತೂಪವೊಂದರ ಪೀಠದಲ್ಲಿ ಅಂಥದ್ದೊಂದು ಕೂತಿದೆ. ಬೈಜಾಂಟಿಯಂ, ಹ್ಯಾಪ್ಸ್‌ಬರ್ಗ್, ಮಾಸ್ಕೋ, ಎಲ್ಲ ಕಡೆಯೂ ಅದು ಹಾರಿದೆ. ದಿಲ್ಲಿಯ ಚಾಣಕ್ಯಪುರಿಯಲ್ಲಿ ಮಾಸ್ಕೋದ ಹಕ್ಕಿಯೂ ನಮ್ಮ ಹಕ್ಕಿಯೂ ನೆರೆಹೊರೆ. ಶಾಂತಿಪಥದಲ್ಲಿ ರಷ್ಯಾದ ರಾಯಭಾರ ಕಚೇರಿ. ಸೋವಿಯತ್ ಕಾಲದಲ್ಲಿ ಅಲ್ಲಿ ಕುಡುಗೋಲು ಸುತ್ತಿಗೆ ಇತ್ತು, 1993ರಲ್ಲಿ ರಷ್ಯಾ ತನ್ನ ಹಳೆಯ ಜೋಡಿತಲೆಯ ಹದ್ದನ್ನು ಮರಳಿ ಅಧಿಕೃತವಾಗಿ ಒಪ್ಪಿಕೊಂಡಿತು. ಅಲ್ಲಿಂದ ದೂರವೇನಲ್ಲ, ಕೌಟಿಲ್ಯ ಮಾರ್ಗದಲ್ಲಿ ಕರ್ನಾಟಕ ಭವನ. ಅದರ ಲಾಂಛನದಲ್ಲಿ ಕೆಂಪು ಗುರಾಣಿಯೊಳಗೆ ಬಿಳಿಯ ಗಂಡಭೇರುಂಡ, ಎರಡು ಬದಿಗೆ ಆನೆಮೊಗದ ಸಿಂಹಗಳು, ನೆತ್ತಿಯಲ್ಲಿ ಸಾರನಾಥದ ಸಿಂಹಗಳು. ಗುರಾಣಿಯ ಅಚ್ಚು ಯೂರೋಪಿನದು, ಹಕ್ಕಿ ಬಳ್ಳಿಗಾವೆಯದು, ನೆತ್ತಿ ಅಶೋಕನದು. ಇಷ್ಟು ಜನರ ಸಾಮಾನು ಒಂದೇ ಚಿತ್ರದಲ್ಲಿ ಜಗಳವಾಡದೆ ಕೂತಿರುವುದನ್ನು ಕಂಡಿದ್ದರೆ ಜಿನಸೇನರು ಮೆಚ್ಚುತ್ತಿದ್ದರೋ ಏನೋ.

ಭವನದ ಕೌಂಟರಿನ ಮುಂದೆ ಸದಾ ಒಂದಷ್ಟು ಜನ ಇರುತ್ತಾರೆ. ಏಮ್ಸ್‌ಗೆ ತಂದೆಯನ್ನು ತೋರಿಸಲು ಬಂದವರು, ಸಂದರ್ಶನಕ್ಕೆ ಬಂದ ಹುಡುಗರು, ಸುಪ್ರೀಂ ಕೋರ್ಟಿನಲ್ಲಿ ಜಮೀನಿನ ವ್ಯಾಜ್ಯ ಇರುವವರು. ಹಲವರ ಕೈಯಲ್ಲಿ ಶಾಸಕರ ಶಿಫಾರಸು ಪತ್ರ, ಪತ್ರದ ತಲೆಯ ಮೇಲೆ ಅದೇ ಹಕ್ಕಿ. ಅಚ್ಯುತರಾಯನ ನಾಣ್ಯದಲ್ಲಿ ನಾಲ್ಕು ಆನೆ ಎತ್ತಿದ್ದು ಈಗ ಒಂದು ಕೊಠಡಿ, ಎರಡು ಹಾಸಿಗೆಯ ಕೋರಿಕೆಯನ್ನು ಎತ್ತಿಕೊಂಡು ಬಂದಿದೆ. ಅದರಿಂದ ಹಕ್ಕಿಗೇನೂ ಅವಮಾನವಾದಂತೆ ನನಗೆ ಕಾಣುವುದಿಲ್ಲ. ಕೊಠಡಿ ಸಿಕ್ಕರೆ ಸರಿ.